ಸುರಂಗದ ದುಡಿಮೆ, ಬೈಕಿನ ಜಿಗಿತ: ‘ದಿ ಗ್ರೇಟ್ ಎಸ್ಕೇಪ್’ ಚಿತ್ರದ ಮರುಪರಿಶೀಲನೆ

ಕನ್ನಡದಲ್ಲಿ ‘ಪಲಾಯನ’ ಎಂಬ ಪದಕ್ಕೆ ಒಳ್ಳೆಯ ಹೆಸರಿಲ್ಲ. ರಣರಂಗದಲ್ಲಿ ಬೆನ್ನು ತೋರಿಸುವುದು ಪಲಾಯನ. ಬದುಕಿನ ಕಟುಸತ್ಯಗಳಿಗೆ ಮುಖ ಕೊಡದ ಬರವಣಿಗೆ ಪಲಾಯನವಾದಿ ಬರವಣಿಗೆ. ರನ್ನನ ‘ಗದಾಯುದ್ಧ’ದಲ್ಲಿ ವೈಶಂಪಾಯನ ಸರೋವರದೊಳಗೆ ಅಡಗಿದ ದುರ್ಯೋಧನನನ್ನು ಹೊರಗೆಳೆಯಲು ಭೀಮನ ಮೂದಲಿಕೆಯೇ ಸಾಕಾಗುತ್ತದೆ. ನಮ್ಮ ವೀರಕಾವ್ಯ ಪರಂಪರೆಯಲ್ಲಿ ಗೆದ್ದವನಿಗೆ ಸ್ಥಾನವಿದೆ, ಬಿದ್ದವನಿಗೆ ಅದಕ್ಕಿಂತ ಎತ್ತರದ ಸ್ಥಾನವಿದೆ; ಸೆರೆಸಿಕ್ಕು ತಪ್ಪಿಸಿಕೊಂಡು ಬಂದವನಿಗೆ ಸ್ಥಾನವೆಲ್ಲಿ ಎಂಬುದು ಅಷ್ಟು ಸ್ಪಷ್ಟವಿಲ್ಲ. ಪೋಲೆಂಡಿನ ಸ್ಲಾವೊಮಿರ್ ರಾವಿಚ್ ಅವರ ೧೯೫೬ರ ಕೃತಿಯನ್ನು ಕನ್ನಡಕ್ಕೆ ತರುವಾಗ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ‘ಮಹಾಪಲಾಯನ’ ಎಂದು ಹೆಸರಿಟ್ಟರು. ಆ ಒಂದು ವಿಶೇಷಣದಿಂದ ಪದದ ಮೇಲಿದ್ದ ಕಳಂಕ ಬಹುಮಟ್ಟಿಗೆ ತೊಳೆದುಹೋಯಿತೆನ್ನಬಹುದು. ಸೆರೆಯಾಳಿನ ಪಲಾಯನ ಯುದ್ಧದಿಂದ ಹಿಂದೆಗೆಯುವುದಲ್ಲ, ಕೈಯಲ್ಲಿ ಆಯುಧವಿಲ್ಲದವನು ಯುದ್ಧವನ್ನು ಮುಂದುವರಿಸುವ ಬಗೆ ಎಂಬುದನ್ನು ಕನ್ನಡ ಓದುಗ ಒಪ್ಪಿಕೊಂಡದ್ದು ಮುಖ್ಯವಾಗಿ ಆ ಪುಸ್ತಕದ ಮೂಲಕ.

ಈ ಒಪ್ಪಿಗೆಯ ಬೆನ್ನಲ್ಲೇ ಒಂದು ತೊಡಕೂ ಇದೆ. ರಾವಿಚ್ ಅವರು ಹೇಳಿಕೊಂಡಂತೆ ಸೈಬೀರಿಯದಿಂದ ನಡೆದು ಬಂದವರಲ್ಲ, ೧೯೪೨ರಲ್ಲಿ ಕ್ಷಮಾದಾನದ ಮೇಲೆ ಬಿಡುಗಡೆಯಾಗಿದ್ದವರು ಎಂಬುದನ್ನು ತೋರಿಸುವ ದಾಖಲೆಗಳನ್ನು ೨೦೦೬ರಲ್ಲಿ ಬಿಬಿಸಿ ಹೊರಗೆ ತಂದಿತು. ಹಾಗೆಂದು ಪುಸ್ತಕದ ಓದಿನ ಸುಖ ಕಡಿಮೆಯಾಗಲಿಲ್ಲ. ಆದರೆ ‘ಇದು ನಡೆದದ್ದು’ ಎಂಬ ಮಾತಿನ ಮೇಲೆ ನಿಂತ ಕೃತಿಗೆ ಆ ಮಾತೇ ಒಂದು ಸಾಲ. ಅದನ್ನು ಯಾರಿಗೆ, ಹೇಗೆ ತೀರಿಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಪ್ರಸ್ತುತ ಲೇಖನದಲ್ಲಿ ಇದೇ ಪ್ರಶ್ನೆಯನ್ನು ಜಾನ್ ಸ್ಟರ್ಜಸ್ ಅವರ ೧೯೬೩ರ ಚಿತ್ರ ‘ದಿ ಗ್ರೇಟ್ ಎಸ್ಕೇಪ್’ಗೆ ಕೇಳಲಾಗಿದೆ. ಯುದ್ಧಕೈದಿಗಳ ಪಲಾಯನವನ್ನು ಕುರಿತ ಚಿತ್ರಗಳಲ್ಲಿ ಇದರಷ್ಟು ಜನಪ್ರಿಯವಾದದ್ದು ಇನ್ನೊಂದಿಲ್ಲ. ಜನಪ್ರಿಯತೆಯ ಕಾರಣದಿಂದಲೇ ವಿದ್ವತ್ ಚರ್ಚೆಯಲ್ಲಿ ಇದು ಹಗುರವಾಗಿ ಪಕ್ಕಕ್ಕೆ ಸರಿಸಲ್ಪಟ್ಟಿದೆ ಎಂಬುದು ನನ್ನ ಅನಿಸಿಕೆ.

ಮೊದಲು ಚರಿತ್ರೆಯ ಭಾಗ. ಇಂದಿನ ಪೋಲೆಂಡಿನ ಝಗಾನ್ ಅಂದು ಜರ್ಮನಿಯ ಸಾಗಾನ್. ಅಲ್ಲಿ ಜರ್ಮನ್ ವಾಯುಪಡೆ ನಡೆಸುತ್ತಿದ್ದ ‘ಸ್ಟಾಲಾಗ್ ಲುಫ್ಟ್ ೩’ ಎಂಬ ಶಿಬಿರದಲ್ಲಿ ಸೆರೆಸಿಕ್ಕ ವೈಮಾನಿಕ ಅಧಿಕಾರಿಗಳನ್ನು ಇರಿಸಲಾಗಿತ್ತು. ೧೯೪೩ರ ವಸಂತದಲ್ಲಿ ದಕ್ಷಿಣ ಆಫ್ರಿಕದಲ್ಲಿ ಜನಿಸಿದ ರೋಜರ್ ಬುಶೆಲ್ ಅವರ ನೇತೃತ್ವದಲ್ಲಿ ಏಕಕಾಲಕ್ಕೆ ಮೂರು ಸುರಂಗಗಳ ಕೆಲಸ ಆರಂಭವಾಯಿತು. ಸುರಂಗಗಳಿಗೆ ಟಾಮ್, ಡಿಕ್, ಹ್ಯಾರಿ ಎಂದು ಹೆಸರು. ಟಾಮ್ ಪತ್ತೆಯಾಯಿತು, ಡಿಕ್ ಮಣ್ಣು ತುಂಬುವ ಜಾಗವಾಯಿತು, ಹ್ಯಾರಿ ಪೂರ್ಣಗೊಂಡಿತು. ಸುಮಾರು ೩೦ ಅಡಿ ಆಳ, ೩೦೦ ಅಡಿಗೂ ಮಿಕ್ಕಿದ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ೧೯೪೪ರ ಮಾರ್ಚ್ ೨೪ರ ರಾತ್ರಿ ೨೦೦ ಮಂದಿ ಹೊರಡಬೇಕೆಂದಿತ್ತು. ಹೊರಬಂದವರು ೭೬. ಅವರಲ್ಲಿ ೭೩ ಮಂದಿ ಮತ್ತೆ ಸಿಕ್ಕಿಬಿದ್ದರು. ೫೦ ಮಂದಿಯನ್ನು ಹಿಟ್ಲರನ ಆಜ್ಞೆಯಂತೆ ಕೊಲ್ಲಲಾಯಿತು. ಅದೇ ಶಿಬಿರದಲ್ಲಿ ಕೈದಿಯಾಗಿದ್ದ ಆಸ್ಟ್ರೇಲಿಯದ ಪಾಲ್ ಬ್ರಿಕ್‌ಹಿಲ್ ೧೯೫೦ರಲ್ಲಿ ಬರೆದ ಪುಸ್ತಕವೇ ಚಿತ್ರಕ್ಕೆ ಆಧಾರ. ಚಿತ್ರದ ಆರಂಭದ ಫಲಕವು ಕಥೆ ಸತ್ಯವೆಂದೂ, ಪಾತ್ರಗಳು ಹಲವು ವ್ಯಕ್ತಿಗಳ ಮಿಶ್ರಣವೆಂದೂ, ಪಲಾಯನದ ವಿವರಗಳು ಮಾತ್ರ ನಡೆದಂತೆಯೇ ಇವೆಯೆಂದೂ ಘೋಷಿಸುತ್ತದೆ.

ಈ ಘೋಷಣೆಯನ್ನು ಚಿತ್ರವು ಅರ್ಧದಾರಿಯವರೆಗೆ ಪ್ರಾಮಾಣಿಕವಾಗಿ ನಡೆಸಿಕೊಡುತ್ತದೆ; ಅಲ್ಲಿಂದ ಮುಂದೆ ಕೈಬಿಡುತ್ತದೆ. ಎಲ್ಲಿ ಕೈಬಿಟ್ಟಿತು ಎಂಬುದನ್ನು ನಿಖರವಾಗಿ ತೋರಿಸಬಹುದು: ಸುರಂಗದ ಬಾಯಲ್ಲಿ.

ಶಿಬಿರದೊಳಗಿನ ಸುಮಾರು ಎರಡು ಗಂಟೆಯ ಭಾಗವನ್ನು ಗಮನಿಸಬೇಕು. ಯುದ್ಧಚಿತ್ರವೆಂದು ಹೆಸರಾದ ಇದರಲ್ಲಿ ಯುದ್ಧವಿಲ್ಲ, ಕಾಣುವುದೆಲ್ಲ ಕೆಲಸ. ೧೯೨೯ರ ಜಿನೀವಾ ಒಡಂಬಡಿಕೆಯ ಪ್ರಕಾರ ಸೆರೆಸಿಕ್ಕ ಅಧಿಕಾರಿಗಳನ್ನು ದುಡಿಮೆಗೆ ಹಚ್ಚುವಂತಿಲ್ಲ. ದುಡಿಯಬೇಕಿಲ್ಲದ ಈ ಅಧಿಕಾರಿಗಳು ತಾವಾಗಿಯೇ ಗಣಿಗಾರರೂ ಬಡಗಿಗಳೂ ದರ್ಜಿಗಳೂ ಆಗುತ್ತಾರೆ. ಮಂಚದ ಹಲಗೆಗಳು ಸುರಂಗದ ಗೋಡೆಗಳಾಗುತ್ತವೆ. ಸಮವಸ್ತ್ರ, ಕಂಬಳಿಗಳಿಂದ ನಾಗರಿಕರ ಕೋಟುಗಳು ಸಿದ್ಧವಾಗುತ್ತವೆ. ಹೊರಗೆ ಒಬ್ಬ ಗೂಟ ಬಡಿಯುತ್ತಾನೆ. ಅದೇ ತಾಳಕ್ಕೆ ಒಳಗೆ ಡ್ಯಾನಿ ಗುದ್ದಲಿಯ ಪೆಟ್ಟು ಹಾಕುತ್ತಾನೆ. ಎರಡು ಸದ್ದು ಒಂದಾಗಿ ಕಾವಲುಗಾರನ ಕಿವಿಗೆ ಒಂದೇ ಕೆಲಸವೆಂಬಂತೆ ಕೇಳುತ್ತದೆ. ಪಕ್ಷಿವೀಕ್ಷಣೆಯ ಪಾಠ ನಡೆಯುವ ಕೋಣೆಯಲ್ಲಿ ಕಾವಲುಗಾರ ಬೆನ್ನು ತಿರುಗಿಸಿದ ಕೂಡಲೆ ಖೋಟಾ ಕಾಗದಪತ್ರಗಳ ಕಾರ್ಖಾನೆ ತೆರೆದುಕೊಳ್ಳುತ್ತದೆ. ಸ್ಟರ್ಜಸ್ ಇವನ್ನೆಲ್ಲ ಅವಸರವಿಲ್ಲದೆ ತೋರಿಸುತ್ತಾರೆ. ಕೆಲಸದ ಕ್ರಮವನ್ನು ಕಲಿಸುವವರ ತಾಳ್ಮೆ ಅವರ ಕ್ಯಾಮೆರಾಕ್ಕಿದೆ.

ಮಣ್ಣಿನ ಪ್ರಕರಣ ಇದಕ್ಕೆ ಅತ್ಯುತ್ತಮ ನಿದರ್ಶನ. ಸಾಗಾನ್‌ನ ಮೇಲ್ಮಣ್ಣು ಬೂದುಬಣ್ಣದ್ದು; ಆಳದಿಂದ ಬರುವ ಮರಳು ಹೊಳೆಯುವ ಹಳದಿ. ಒಂದು ಹಿಡಿ ಹಳದಿ ಮರಳು ಅಂಗಳದಲ್ಲಿ ಕಂಡರೂ ಸುರಂಗ ಪತ್ತೆಯಾದಂತೆಯೇ. ಪ್ಯಾಂಟಿನೊಳಗೆ ಉದ್ದನೆಯ ಚೀಲಗಳನ್ನು ಇಳಿಬಿಟ್ಟು, ಜೇಬಿನೊಳಗಿನ ದಾರ ಎಳೆದಾಗ ಮರಳು ಕಾಲ ಬಳಿ ಸುರಿಯುವಂತೆ ಮಾಡಿ, ನಡೆಯುತ್ತ ನಡೆಯುತ್ತ ಕಾಲಿನಿಂದ ಕೆದರಿ ಬೆರೆಸಿಬಿಡುವುದು ಕೈದಿಗಳು ಕಂಡುಕೊಂಡ ಉಪಾಯ. ಹಾಗೆ ಕಾಲು ಅಗಲಿಸಿ ನಡೆಯುವವರಿಗೆ ಶಿಬಿರದಲ್ಲಿ ‘ಪೆಂಗ್ವಿನ್’ಗಳೆಂದೇ ಹೆಸರಾಗಿತ್ತು. ಚಿತ್ರದಲ್ಲಿ ಈ ದೃಶ್ಯ ನಗೆ ಉಕ್ಕಿಸುತ್ತದೆ. ಆದರೆ ಆ ನಗೆಯ ಅಡಿಯಲ್ಲಿ ಇರುವುದು ಸುರಂಗವೆಂದರೆ ಅಗೆಯುವುದಷ್ಟೇ ಅಲ್ಲ, ಅಗೆದದ್ದನ್ನು ಇಲ್ಲವಾಗಿಸುವುದು ಎಂಬ ತಿಳಿವಳಿಕೆ. ತೋಟದಲ್ಲಿ ಬಾವಿ ತೋಡಿಸಿದವರಿಗೆಲ್ಲ ಗೊತ್ತಿರುವಂತೆ, ತೆಗೆದ ಮಣ್ಣು ಗುಂಡಿಗಿಂತ ಯಾವಾಗಲೂ ಹೆಚ್ಚೆಂಬಂತೆ ಕಾಣುತ್ತದೆ!

ಈ ಭಾಗದ ಸತ್ಯಕ್ಕೆ ಹೊರಗಿನ ಆಧಾರಗಳೂ ಇವೆ. ಸಾಗಾನ್‌ನಲ್ಲಿ ಸುರಂಗದ ಕೆಲಸದ ಹೊಣೆ ಹೊತ್ತಿದ್ದ ಕೆನಡದ ವಾಲಿ ಫ್ಲಡಿ ಅವರೇ ಚಿತ್ರಕ್ಕೆ ತಾಂತ್ರಿಕ ಸಲಹೆಗಾರರು. ಖೋಟಾಗಾರ ಬ್ಲೈಥ್‌ನ ಪಾತ್ರ ವಹಿಸಿದ ಡೊನಾಲ್ಡ್ ಪ್ಲೆಸೆನ್ಸ್ ಸ್ವತಃ ಬ್ರಿಟಿಷ್ ವಾಯುಪಡೆಯಲ್ಲಿದ್ದು, ೧೯೪೪ರಲ್ಲಿ ವಿಮಾನ ಉರುಳಿ ಜರ್ಮನ್ ಶಿಬಿರದಲ್ಲಿ ಸೆರೆಯಲ್ಲಿದ್ದವರು. ಕಣ್ಣು ಮಂಜಾಗುತ್ತ ಬಂದ ಬ್ಲೈಥ್, ತನಗೆ ಕಾಣುತ್ತದೆಂದು ಸಾಧಿಸಲು ಮೊದಲೇ ನೆಲದ ಮೇಲೆ ಗುರುತುಮಾಡಿ ಇಟ್ಟ ಗುಂಡುಸೂಜಿಯನ್ನು ಹೆಕ್ಕುವ ದೃಶ್ಯ ಚಿತ್ರದ ಅತ್ಯಂತ ಮಾರ್ಮಿಕ ಕ್ಷಣಗಳಲ್ಲೊಂದು. ಇತರರು ಹೊರಹೋಗಲೆಂದು ಅಕ್ಷರ ಅಕ್ಷರವಾಗಿ ಕಾಗದ ಬರೆದುಕೊಟ್ಟವನ ಕಣ್ಣು ಅದೇ ಕೆಲಸದಲ್ಲಿ ಸವೆದಿದೆ. ಅವನನ್ನು ಬಿಟ್ಟುಹೋಗಬೇಕೆಂದು ಮುಖ್ಯಸ್ಥ ಬಾರ್ಟ್ಲೆಟ್ ಹೇಳುವುದೂ, ಅವನ ಹೊಣೆ ತನ್ನದೆಂದು ಹೆಂಡ್ಲಿ ಹೇಳುವುದೂ ಎರಡೂ ನ್ಯಾಯವೇ. ಬಾರ್ಟ್ಲೆಟ್ ಆಗಿ ನಟಿಸಿದವರು ಮುಂದೆ ‘ಗಾಂಧಿ’ (೧೯೮೨) ಚಿತ್ರದಿಂದ ನಮಗೆಲ್ಲ ಪರಿಚಿತರಾದ ರಿಚರ್ಡ್ ಅಟೆನ್‌ಬರೊ.

ಸುರಂಗ ಮುಗಿಯುತ್ತದೆ. ಕಾಡಿನ ಅಂಚಿಗೆ ಇನ್ನೂ ಕೆಲವು ಅಡಿ ಇರುವಾಗಲೇ ಬಯಲಿನಲ್ಲಿ ಬಾಯಿ ತೆರೆಯುತ್ತದೆ. ಇದೂ ನಡೆದದ್ದೇ. ಆದರೆ ಆ ಬಾಯಿಂದ ತಲೆ ಹೊರಗೆ ಹಾಕಿದ ಕೂಡಲೇ ಚಿತ್ರದ ಋತುವೇ ಬದಲಾಗಿಬಿಡುತ್ತದೆ. ೧೯೪೪ರ ಮಾರ್ಚ್‌ನ ಆ ರಾತ್ರಿ ಸಾಗಾನ್‌ನಲ್ಲಿ ಹಿಮ ಬಿದ್ದಿತ್ತು, ಚಳಿ ಕಡುವಾಗಿತ್ತು. ಕಾಲ್ನಡಿಗೆಯಲ್ಲಿ ಹೊರಟವರಲ್ಲಿ ಅನೇಕರು ಹಿಮದಿಂದಾಗಿ ಕಾಡುದಾರಿ ಬಿಟ್ಟು ರಸ್ತೆಗೆ ಬರಬೇಕಾಯಿತು. ಸಿಕ್ಕಿಬಿದ್ದದ್ದಕ್ಕೆ ಅದೂ ಒಂದು ಕಾರಣ. ಬವೇರಿಯದಲ್ಲಿ ಚಿತ್ರಿತವಾದ ಸಿನಿಮಾದಲ್ಲಿ ಹಸಿರು ಹುಲ್ಲುಗಾವಲು, ತಿಳಿಬಿಸಿಲು, ದೂರದಲ್ಲಿ ಬೆಟ್ಟಸಾಲು. ಎಲ್ಮರ್ ಬರ್ನ್‌ಸ್ಟೀನ್ ಅವರ ಕುಣಿಸುವ ಸಂಗೀತಕ್ಕೆ ಹಿಮ ಹೊಂದುತ್ತಿರಲಿಲ್ಲವೇನೋ.

ಇಲ್ಲಿಂದ ಮುಂದೆ ಚಿತ್ರ ಒಬ್ಬನ ಕೈಗೆ ಹೋಗುತ್ತದೆ. ಅಮೆರಿಕನ್ ಹಿಲ್ಟ್ಸ್ (ಸ್ಟೀವ್ ಮೆಕ್ವೀನ್) ಕದ್ದ ಮೋಟಾರ್ ಸೈಕಲ್ ಏರಿ, ಸ್ವಿಟ್ಜರ್ಲೆಂಡಿನ ಗಡಿಯ ತಂತಿಬೇಲಿಯೊಂದನ್ನು ಹಾರುತ್ತಾನೆ, ಮತ್ತೊಂದರಲ್ಲಿ ಸಿಕ್ಕಿಕೊಳ್ಳುತ್ತಾನೆ. ಚಲನಚಿತ್ರ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದ ಜಿಗಿತಗಳಲ್ಲಿ ಇದೂ ಒಂದು. ಮೆಕ್ವೀನ್‌ಗೆ ಬದಲಾಗಿ ಬೈಕನ್ನು ಹಾರಿಸಿದವರು ಬಡ್ ಎಕಿನ್ಸ್. ಸಾಗಾನ್‌ನ ಪಲಾಯನದಲ್ಲಿ ಮೋಟಾರ್ ಸೈಕಲ್ ಇರಲಿಲ್ಲ. ಹೊರಬಂದ ೭೬ ಮಂದಿಯಲ್ಲಿ ಅಮೆರಿಕದ ಸೇನೆಯವರೂ ಇರಲಿಲ್ಲ: ಸುರಂಗದ ಆರಂಭದ ಕೆಲಸದಲ್ಲಿ ನೆರವಾಗಿದ್ದ ಅಮೆರಿಕನ್ನರನ್ನು ೧೯೪೩ರಲ್ಲೇ ಪಕ್ಕದ ಆವರಣಕ್ಕೆ ಸಾಗಿಸಲಾಗಿತ್ತು. ಬಹಳ ಹಿಂದೆ ಚಿತ್ರಸಮಾಜವೊಂದರ ಪ್ರದರ್ಶನದಲ್ಲಿ ಈ ಚಿತ್ರ ನೋಡಿದಾಗ ಜಿಗಿತದ ದೃಶ್ಯಕ್ಕೆ ಸಭಾಂಗಣ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಕೊನೆಗೆ ‘ಐವತ್ತು ಮಂದಿಗೆ’ ಎಂಬ ಅರ್ಪಣೆಯ ಫಲಕ ಬಂದಾಗ ಅರ್ಧದಷ್ಟು ಜನ ಬಾಗಿಲ ಬಳಿ ಇದ್ದರು.

ಕಲ್ಪನೆಯನ್ನು ಬೆರೆಸಿದ್ದೇ ತಪ್ಪೆಂದು ಇಲ್ಲಿ ವಾದಿಸುತ್ತಿಲ್ಲ. ಹಾಗೆ ವಾದಿಸಿದರೆ ಯಾವ ಚಾರಿತ್ರಿಕ ಕಾದಂಬರಿಯೂ ಉಳಿಯಲಾರದು. ಬೆರೆಸಿದ ಕಲ್ಪನೆ ಯಾವ ಸತ್ಯದ ಜಾಗದಲ್ಲಿ ಬಂದು ಕುಳಿತಿದೆ ಎಂಬುದೇ ಮುಖ್ಯ. ನಿಜವಾಗಿ ಪಾರಾದವರು ಮೂವರು: ನಾರ್ವೆಯ ಪೆರ್ ಬರ್ಗ್ಸ್‌ಲಾಂಡ್ ಮತ್ತು ಯೆನ್ಸ್ ಮ್ಯುಲರ್, ಹಾಲೆಂಡಿನ ಬ್ರಾಮ್ ಫಾನ್ ಡರ್ ಸ್ಟೋಕ್. ಮೊದಲಿಬ್ಬರು ರೈಲಿನಲ್ಲಿ ಬಂದರುಪಟ್ಟಣ ಸ್ಟೆಟಿನ್ ಸೇರಿ, ಅಲ್ಲಿಂದ ಹಡಗಿನಲ್ಲಿ ಸ್ವೀಡನ್ ತಲುಪಿದರು. ಮೂರನೆಯವರು ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್‌ಗಳನ್ನು ದಾಟಿ ಸ್ಪೇನಿನ ಮೂಲಕ ಜಿಬ್ರಾಲ್ಟರ್ ಸೇರಿದರು. ಮೂವರೂ ಐರೋಪ್ಯ ಭೂಖಂಡದವರು. ಜರ್ಮನ್ ಆಕ್ರಮಿತ ಯುರೋಪಿನಲ್ಲಿ ಪರದೇಶಿ ಕೂಲಿಗಾರರ ವೇಷದಲ್ಲಿ ಮಾತಾಡಿ ಪಾರಾಗಬಲ್ಲವರು. ಅವರನ್ನು ಉಳಿಸಿದ್ದು ವೇಗವಲ್ಲ. ನಾಲಗೆ, ಮತ್ತು ಬ್ಲೈಥ್‌ನಂಥವರು ಬರೆದುಕೊಟ್ಟ ಕಾಗದ. ಚಿತ್ರದಲ್ಲಿ ಪಾರಾಗುವವರೂ ಮೂವರೇ. ಆದರೆ ಅವರು ಪೋಲಿಷ್ ಹೆಸರಿನ ಡ್ಯಾನಿ, ಇಂಗ್ಲಿಷಿನ ವಿಲ್ಲಿ, ಆಸ್ಟ್ರೇಲಿಯದ ಸೆಜ್‌ವಿಕ್. ನಾರ್ವೆಯವರೂ ಡಚ್ಚರೂ ಮಾಯವಾಗಿದ್ದಾರೆ.

ಭಾಷೆಯೇ ಪ್ರಾಣವೆಂಬುದು ಚಿತ್ರಕಾರರಿಗೆ ಗೊತ್ತಿರಲಿಲ್ಲವೆಂದಲ್ಲ. ಬಸ್ ಏರುತ್ತಿರುವ ಮ್ಯಾಕ್‌ಡೊನಾಲ್ಡ್‌ಗೆ ಗೆಸ್ಟಾಪೊದವನೊಬ್ಬ ಇಂಗ್ಲಿಷಿನಲ್ಲಿ ಶುಭ ಕೋರುತ್ತಾನೆ; ಮ್ಯಾಕ್‌ಡೊನಾಲ್ಡ್ ಯೋಚಿಸದೆ ಇಂಗ್ಲಿಷಿನಲ್ಲೇ ಕೃತಜ್ಞತೆ ಹೇಳಿ ಸಿಕ್ಕಿಬೀಳುತ್ತಾನೆ. ಶಿಬಿರದಲ್ಲಿ ಇದೇ ತಪ್ಪಿನ ವಿರುದ್ಧ ಇತರರನ್ನು ಎಚ್ಚರಿಸುತ್ತಿದ್ದವನು ಅವನೇ. ತಾಯ್ನುಡಿ ಮನುಷ್ಯನನ್ನು ಅವನಿಗೆ ತಿಳಿಯದಂತೆ ಹಿಡಿದುಕೊಡುತ್ತದೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ದೃಶ್ಯ ಬೇರೆಡೆ ಸಿಗುವುದು ಕಷ್ಟ. ಒಂದು ನಿಮಿಷದ ಈ ದೃಶ್ಯ, ಬೈಕಿನ ಇಡೀ ಅಧ್ಯಾಯಕ್ಕಿಂತ ಸಾಗಾನ್‌ಗೆ ಹತ್ತಿರವಾಗಿದೆ.

ಇಲ್ಲಿ ಝಾನ್ ರೆನ್ವಾ ಅವರ ‘ಲಾ ಗ್ರಾಂದ್ ಇಲ್ಯೂಝಿಯೋಂ’ (೧೯೩೭) ನೆನಪಾಗದೆ ಇರದು. ಮೊದಲ ಮಹಾಯುದ್ಧದಲ್ಲಿ ವೈಮಾನಿಕರಾಗಿದ್ದ, ಮುಂದೆ ಬಂಗಾಳಕ್ಕೆ ಬಂದು ‘ದಿ ರಿವರ್’ (೧೯೫೧) ಚಿತ್ರಿಸಿದ ರೆನ್ವಾ ಅವರ ಈ ಚಿತ್ರದಲ್ಲೂ ಕೈದಿಗಳು ಸುರಂಗ ತೋಡುತ್ತಾರೆ. ಕೆಲಸ ಮುಗಿಯುವ ಹೊತ್ತಿಗೆ ಅವರನ್ನು ಬೇರೆ ಶಿಬಿರಕ್ಕೆ ಸಾಗಿಸುವ ಆಜ್ಞೆ ಬರುತ್ತದೆ. ಅದೇ ಕೋಣೆಗೆ ಬರುತ್ತಿರುವ ಇಂಗ್ಲಿಷ್ ಕೈದಿಗೆ ಸುರಂಗದ ವಿಷಯ ತಿಳಿಸಲು ಮರೆಶಾಲ್ ಹೆಣಗುತ್ತಾನೆ. ಅವನಿಗೆ ಇಂಗ್ಲಿಷ್ ಬಾರದು, ಇವನಿಗೆ ಫ್ರೆಂಚ್ ಬಾರದು. ತಿಂಗಳುಗಳ ದುಡಿಮೆ ಒಂದು ಮಾತಿನ ಕೊರತೆಯಿಂದ ಮಣ್ಣಿನಲ್ಲೇ ಉಳಿಯುತ್ತದೆ. ರೆನ್ವಾ ಅವರಿಗೆ ಸುರಂಗ ಬೇಕಾದದ್ದು ಅಷ್ಟಕ್ಕೇ. ಅದರ ರಚನೆ, ತಂತ್ರ, ಮಣ್ಣಿನ ಬಣ್ಣ ಅವರಿಗೆ ಮುಖ್ಯವಲ್ಲ. ಅವರ ಲಕ್ಷ್ಯವೆಲ್ಲ ದೇಶದ ಗೋಡೆಗಿಂತ ಗಟ್ಟಿಯಾದ ವರ್ಗದ ಗೋಡೆಯ ಮೇಲೆ. ಶ್ರೀಮಂತ ಮನೆತನದ ಬೊಯೆಲ್ದ್ಯೂ ಕೊಳಲು ನುಡಿಸುತ್ತ ಕೋಟೆ ಹತ್ತಿ ಕಾವಲುಗಾರರ ಗಮನ ಸೆಳೆದು, ಸಾಮಾನ್ಯರಿಬ್ಬರು ಪಾರಾಗಲೆಂದು ತನ್ನದೇ ವರ್ಗದ ಜರ್ಮನ್ ಅಧಿಕಾರಿಯ ಗುಂಡಿಗೆ ಬಲಿಯಾಗುತ್ತಾನೆ. ಗಾಢತೆಯಲ್ಲಿ ಸ್ಟರ್ಜಸ್ ಅವರ ಚಿತ್ರ ಇದರ ಸಮಕ್ಕೆ ನಿಲ್ಲದು ಎಂಬ ಸಾಮಾನ್ಯ ತೀರ್ಮಾನ ಸರಿಯೇ. ಆದರೂ ಕೈಗಳ ಕೆಲಸವನ್ನು ಗೌರವದಿಂದ ನೋಡುವುದರಲ್ಲಿ ಸ್ಟರ್ಜಸ್ ಒಂದು ಹೆಜ್ಜೆ ಮುಂದಿದ್ದಾರೆಂದೇ ನನ್ನ ಅಭಿಪ್ರಾಯ.

ಇನ್ನು ಕೊಲೆಯ ಪ್ರಕರಣ. ತಪ್ಪಿಸಿಕೊಂಡು ಸಿಕ್ಕಿಬಿದ್ದ ಯುದ್ಧಕೈದಿಗೆ ಶಿಸ್ತುಕ್ರಮವಾಗಿ ಗರಿಷ್ಠ ಮೂವತ್ತು ದಿನಗಳ ಬಂಧನ ಮಾತ್ರ ವಿಧಿಸಬಹುದು ಎಂದು ಜಿನೀವಾ ಒಡಂಬಡಿಕೆ ಹೇಳುತ್ತದೆ. ಚಿತ್ರದಲ್ಲಿ ಹಿಲ್ಟ್ಸ್ ಮತ್ತೆ ಮತ್ತೆ ಏಕಾಂತ ಕೋಣೆಗೆ ಹೋಗಿ, ಗೋಡೆಗೆ ಚೆಂಡು ಬಡಿಯುತ್ತ ದಿನ ಕಳೆಯುವುದು ಈ ಕಾನೂನಿನ ಚೌಕಟ್ಟಿನೊಳಗೆ. ಐವತ್ತು ಮಂದಿಯ ಕೊಲೆ ಆ ಚೌಕಟ್ಟನ್ನೇ ಮುರಿದದ್ದು. ಎಲ್ಲರನ್ನೂ ಕೊಲ್ಲಬೇಕೆಂಬುದು ಹಿಟ್ಲರನ ಮೊದಲ ಮಾತಾಗಿತ್ತು. ಕೊನೆಗೆ ಅದು ಐವತ್ತಕ್ಕೆ ನಿಂತಿತು. ಯಾರು ಬದುಕಬೇಕು, ಯಾರು ಸಾಯಬೇಕೆಂದು ಹೆಸರುಗಳನ್ನು ಆರಿಸಿದವನು ಜರ್ಮನ್ ಅಪರಾಧ ಪೊಲೀಸ್ ವಿಭಾಗದ ಮುಖ್ಯಸ್ಥ ಆರ್ಥರ್ ನೆಬೆ. ಚಿತ್ರದಲ್ಲಿ ಒಂದು ದೊಡ್ಡ ಗುಂಪನ್ನು ಲಾರಿಯಿಂದ ಬಯಲಿಗಿಳಿಸಿ ಮೆಷಿನ್ ಗನ್ನಿನಿಂದ ಒಟ್ಟಿಗೆ ಕೊಲ್ಲಲಾಗುತ್ತದೆ. ನಡೆದದ್ದು ಹಾಗಲ್ಲ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ದಿನಗಳಲ್ಲಿ, ಒಬ್ಬೊಬ್ಬರನ್ನೋ ಇಬ್ಬಿಬ್ಬರನ್ನೋ ಸಣ್ಣ ಗುಂಪುಗಳನ್ನೋ ಕಾರಿನಲ್ಲಿ ಕರೆದೊಯ್ದು, ರಸ್ತೆಬದಿಯಲ್ಲಿ ಇಳಿಸಿ, ಹಿಂದಿನಿಂದ ಗುಂಡಿಕ್ಕಲಾಯಿತು. ಮತ್ತೆ ಓಡಲು ಯತ್ನಿಸಿದಾಗ ಸತ್ತರೆಂದು ವರದಿ ಬರೆಯಲಾಯಿತು.

ಈ ವ್ಯತ್ಯಾಸ ಸಣ್ಣದಲ್ಲ. ಬಯಲಿನ ಸಾಮೂಹಿಕ ಹತ್ಯೆಯಲ್ಲಿ ಕೊಲ್ಲುವವನಿಗೆ ಮುಖವಿರುವುದಿಲ್ಲ. ಅದು ಯಂತ್ರದ ಕೆಲಸ. ರಸ್ತೆಬದಿಯ ಕೊಲೆಯಲ್ಲಿ ಚಾಲಕನಿದ್ದಾನೆ, ಪಕ್ಕದಲ್ಲಿ ಕುಳಿತ ಅಧಿಕಾರಿಯಿದ್ದಾನೆ, ಸುಳ್ಳು ವರದಿ ಬೆರಳಚ್ಚಿಸಿದವನಿದ್ದಾನೆ, ಶವ ಸುಟ್ಟ ಚಿತಾಗಾರದ ನೌಕರನಿದ್ದಾನೆ. ಯುದ್ಧಾನಂತರ ಬ್ರಿಟಿಷ್ ವಾಯುಪಡೆಯ ತನಿಖಾಧಿಕಾರಿಗಳು ಊರೂರು ಅಲೆದು ಹುಡುಕಿದ್ದು ಇಂಥವರನ್ನೇ. ೧೯೪೭ರಲ್ಲಿ ಹ್ಯಾಂಬರ್ಗ್‌ನಲ್ಲಿ ವಿಚಾರಣೆ ನಡೆಯಿತು. ಮೇಲಿನವರ ಆಜ್ಞೆಯನ್ನು ಪಾಲಿಸಿದೆವೆಂಬ ಸಮರ್ಥನೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಮರುವರ್ಷ ಹಲವರನ್ನು ಗಲ್ಲಿಗೇರಿಸಲಾಯಿತು. ಕಚೇರಿಯ ಮೇಜಿನಿಂದ ರಸ್ತೆಯಂಚಿನವರೆಗೆ ಚಾಚಿದ ಈ ಸರಪಳಿಯೂ ಒಂದು ಬಗೆಯ ಸಂಘಟಿತ ದುಡಿಮೆಯೇ. ಕೈದಿಗಳ ದುಡಿಮೆಯನ್ನು ಅಷ್ಟು ಸೂಕ್ಷ್ಮವಾಗಿ ನೋಡಿದ ಕ್ಯಾಮೆರಾ, ಕೊಲೆಗಾರರ ದುಡಿಮೆಯೆದುರು ಕಣ್ಣು ಮುಚ್ಚಿಕೊಂಡಿತು.

ಇದಕ್ಕೆ ಕಾಲದ ಒತ್ತಡವೂ ಇದ್ದಿರಬೇಕು. ಪಶ್ಚಿಮ ಜರ್ಮನಿ ೧೯೫೫ರಲ್ಲೇ ನ್ಯಾಟೋ ಕೂಟ ಸೇರಿತ್ತು. ಚಿತ್ರೀಕರಣ ನಡೆದದ್ದೂ ಆ ನೆಲದಲ್ಲೇ, ಜರ್ಮನ್ ನಟರೊಂದಿಗೇ. ಹಾಗಾಗಿ ಚಿತ್ರವು ಜರ್ಮನ್ನರನ್ನು ಎರಡಾಗಿ ಸೀಳುತ್ತದೆ: ಒಂದೆಡೆ ಶಿಬಿರದ ಮುಖ್ಯಸ್ಥ ಫಾನ್ ಲುಗರ್‌ನಂಥ ಮಾನವಂತ ಸೈನಿಕರು, ಇನ್ನೊಂದೆಡೆ ಕಪ್ಪು ಕೋಟಿನ ಗೆಸ್ಟಾಪೊ. ಈ ವಿಭಜನೆ ಪೂರ್ತಿ ಸುಳ್ಳಲ್ಲ; ಸಾಗಾನ್‌ನ ನಿಜವಾದ ಮುಖ್ಯಸ್ಥನೂ ಪಲಾಯನದ ನಂತರ ಹುದ್ದೆ ಕಳೆದುಕೊಂಡು ಸೇನಾ ವಿಚಾರಣೆ ಎದುರಿಸಿದ. ಆದರೆ ನೆಬೆಯ ಇಲಾಖೆ ಕಳ್ಳರನ್ನೂ ಕೊಲೆಗಾರರನ್ನೂ ಹಿಡಿಯುವ ಸಾಮಾನ್ಯ ಪೊಲೀಸರದ್ದು. ಈ ಎರಡು ಬಣ್ಣಗಳ ನಡುವಿನ ಬೂದುಬಣ್ಣಕ್ಕೆ, ಸಾಗಾನ್‌ನ ಮೇಲ್ಮಣ್ಣಿಗೆ ಇದ್ದ ಆ ಬಣ್ಣಕ್ಕೆ, ಚಿತ್ರದ ಎರಡನೆಯ ಭಾಗದಲ್ಲಿ ಜಾಗ ಸಿಗಲಿಲ್ಲ.

ಬುಶೆಲ್ ಅವರ ಬದುಕಿನ ಒಂದು ಸಂಗತಿಯೂ ಚಿತ್ರದಿಂದ ಹೊರಗುಳಿದಿದೆ. ಹಿಂದೊಮ್ಮೆ ತಪ್ಪಿಸಿಕೊಂಡಿದ್ದಾಗ ಅವರಿಗೆ ಪ್ರಾಗ್ ನಗರದಲ್ಲಿ ಆಶ್ರಯ ಕೊಟ್ಟಿದ್ದ ಝೆಕ್ ಕುಟುಂಬವನ್ನು ನಾಜಿಗಳು ೧೯೪೨ರಲ್ಲಿ ಕೊಂದರು. ಪಲಾಯನದ ಬೆಲೆಯನ್ನು ಪಲಾಯನ ಮಾಡಿದವನೇ ತೆರಬೇಕೆಂದಿಲ್ಲ. ಇದನ್ನು ತಿಳಿದೂ ಬುಶೆಲ್ ಮತ್ತೆ ಸುರಂಗಕ್ಕಿಳಿದರು. ಇನ್ನೂರು ಮಂದಿಯನ್ನು ಹೊರಡಿಸಲು ಸಜ್ಜಾದರು. ಅದು ಧೈರ್ಯವೋ, ದ್ವೇಷವೋ, ಹೊಣೆಗೇಡಿತನವೋ ಎಂದು ಅವರ ಜೊತೆಗಾರರಲ್ಲೂ ಪ್ರಶ್ನೆಯೆದ್ದಿದ್ದರೆ ಅದು ಸಹಜ. ಚಿತ್ರದ ಕೊನೆಯಲ್ಲಿ ಮರಳಿ ಬಂದ ಹೆಂಡ್ಲಿ, ಇಷ್ಟು ಬೆಲೆ ತೆತ್ತದ್ದು ಸಾರ್ಥಕವೇ ಎಂದು ಹಿರಿಯ ಅಧಿಕಾರಿ ರ್‍ಯಾಮ್ಸೆಯನ್ನು ಕೇಳುತ್ತಾನೆ. ಅದು ನೋಡುವವರ ದೃಷ್ಟಿಯನ್ನು ಅವಲಂಬಿಸಿದೆ ಎಂಬಂಥ ಉತ್ತರ ಬರುತ್ತದೆ. ಪ್ರಾಗ್‌ನ ಆ ಮನೆ ಚಿತ್ರದಲ್ಲಿ ಇದ್ದಿದ್ದರೆ ರ್‍ಯಾಮ್ಸೆಗೆ ಇಷ್ಟು ಸುಲಭದ ಉತ್ತರ ಸಾಧ್ಯವಾಗುತ್ತಿರಲಿಲ್ಲ.

ಹಿಲ್ಟ್ಸ್ ಏಕಾಂತ ಕೋಣೆಗೆ ಮರಳುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ; ಚೆಂಡು ಗೋಡೆಗೆ ಬಡಿಯುವ ಸದ್ದು ಕೇಳುತ್ತದೆ; ಹೊರಟ ಕಾವಲುಗಾರ ಒಂದು ಕ್ಷಣ ನಿಂತು ಆಲಿಸುತ್ತಾನೆ. ಆಮೇಲೆ ಅರ್ಪಣೆಯ ಫಲಕ. ನಮ್ಮ ವೀರಗಲ್ಲುಗಳಲ್ಲಿ ಸತ್ತವನ ಹೋರಾಟವನ್ನೇ ಕೆತ್ತಿ, ಅನೇಕ ವೇಳೆ ಅವನ ಹೆಸರನ್ನೂ ಊರನ್ನೂ ಬರೆಸಿರುತ್ತಾರೆ. ಇಲ್ಲಿ ಬದುಕುಳಿದ ಕಲ್ಪಿತ ನಾಯಕನನ್ನು ಕೆತ್ತಿ, ಅಡಿಯಲ್ಲಿ ಸತ್ತವರ ಸಂಖ್ಯೆಯನ್ನು ಬರೆಯಲಾಗಿದೆ.

ಕೊಲೆಯಾದವರ ಚಿತಾಭಸ್ಮದ ಕುಂಭಗಳನ್ನು ೧೯೪೪ರಲ್ಲಿ ಸಾಗಾನ್ ಶಿಬಿರಕ್ಕೆ ಕಳುಹಿಸಿಕೊಡಲಾಯಿತು. ಉಳಿದ ಕೈದಿಗಳು ಅನುಮತಿ ಪಡೆದು, ಶಿಬಿರದ ಹೊರಗೆ ಕಲ್ಲಿನ ಸ್ಮಾರಕವೊಂದನ್ನು ತಮ್ಮ ಕೈಯಾರೆ ಕಟ್ಟಿದರು. ಬೂದಿಯನ್ನು ಯುದ್ಧಾನಂತರ ಪೋಜ್ನಾನ್‌ನ ಸೈನಿಕ ಸ್ಮಶಾನಕ್ಕೆ ಸಾಗಿಸಲಾಯಿತು. ಸ್ಮಾರಕ ಝಗಾನ್‌ನ ಕಾಡಿನಂಚಿನಲ್ಲೇ ಉಳಿಯಿತು. ಬ್ರಿಟಿಷರು, ಕೆನಡದವರು, ಪೋಲೆಂಡಿನವರು, ಆಸ್ಟ್ರೇಲಿಯದವರು, ನ್ಯೂಜಿಲೆಂಡಿನವರು, ದಕ್ಷಿಣ ಆಫ್ರಿಕದವರು, ನಾರ್ವೆಯವರು, ಜೊತೆಗೆ ಒಬ್ಬ ಗ್ರೀಕ್, ಒಬ್ಬ ಝೆಕ್, ಒಬ್ಬ ಲಿಥುವೇನಿಯನ್: ಆ ಕಲ್ಲಿನ ಮೇಲೆ ಅವರ ಹೆಸರುಗಳಿವೆ.